ರೂಟ್ ಬಿಟ್ಟು ಬೇಸ್ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಬೇಸ್ ಗಿಟಾರ್ ಕಲಿಯುತ್ತಿದ್ದೇನೆ. ಪ್ರತಿ ಕಾರ್ಡ್‌ಗೂ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬರೀ ರೂಟ್ ನೋಟ್, ಅಂದರೆ ಕಾರ್ಡಿಗೆ ಹೆಸರು ಕೊಟ್ಟ ಸ್ವರ, ಬಾರಿಸಿದರೆ ಸಪ್ಪೆ. ಕಾರ್ಡಿನ ಮೂರೂ ಸ್ವರ ಬಾರಿಸಿದರೆ ಪಾಠ ಒಪ್ಪಿಸಿದ ಹಾಗಿರುತ್ತದೆ. ಏನು ಮಾಡಲಿ?

ಉತ್ತರ: ಪಾಠ ಒಪ್ಪಿಸುವ ಕೆಲಸ ನಾನೂ ಬಹಳ ದಿನ ಮಾಡಿದ್ದೇನೆ, ಬಿಡಿ. ನಿಮ್ಮ ಕಣ್ಣು ಈಗಿನ ಕಾರ್ಡ್ ಮೇಲಿದೆ. ಅದನ್ನು ಮುಂದಿನ ಕಾರ್ಡ್ ಮೇಲೆ ಇಡಿ.

ಸಿ, ಎ ಮೈನರ್, ಎಫ್, ಜಿ ತೆಗೆದುಕೊಳ್ಳೋಣ, ಒಂದೊಂದಕ್ಕೂ 4 ಬೀಟ್. ಮೊದಲ ಬೀಟಿಗೆ ರೂಟ್, ಸದ್ಯಕ್ಕೆ ಅದರಲ್ಲಿ ಚೌಕಾಸಿ ಬೇಡ. ಮಜಾ ಇರುವುದು ನಾಲ್ಕನೇ ಬೀಟಿನಲ್ಲಿ. ಎ ಮೈನರ್ ಅಂದರೆ ಎ, ಸಿ, ಇ ಅಲ್ವಾ? ಕೊನೆಗೆ ಇ ಬಾರಿಸಿ. ಅದು ಈ ಕಾರ್ಡಿನದೇ ಸ್ವರ, ಮುಂದಿನ ಎಫ್‌ಗೂ ಒಂದೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಒಂದು ಮನೆ) ದೂರ, ಬೆರಳು ತಾನಾಗಿ ಜಾರುತ್ತದೆ. ಎಫ್‌ನಿಂದ ಜಿಗೆ ಹೋಗುವಾಗ ನಡುವೆ ಎಫ್ ಶಾರ್ಪ್ ಸಿಗುತ್ತದೆ. ಅದು ಎಫ್ ಕಾರ್ಡಿನಲ್ಲೂ ಇಲ್ಲ, ಸಿ ಮೇಜರ್ ಸ್ಕೇಲಿನಲ್ಲೂ ಇಲ್ಲ, ಆದರೂ ಒಂದು ಬೀಟಿನ ಮಟ್ಟಿಗೆ ಯಾರೂ ತಕರಾರು ತೆಗೆಯುವುದಿಲ್ಲ, ಯಾಕಂದ್ರೆ ತಕ್ಷಣ ಜಿ ಬಂದು ಲೆಕ್ಕ ಚುಕ್ತಾ ಮಾಡುತ್ತದೆ. ಅಲ್ಲೇ ನಿಂತರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಜಿಯಿಂದ ಮತ್ತೆ ಸಿಗೆ ಬರಲು ಬಿ ಇದ್ದೇ ಇದೆ.

ನಡುವಿನ ಬೀಟ್‌ಗಳಿಗೆ ಫಿಫ್ತ್, ಅಂದರೆ ರೂಟಿನಿಂದ ಎಣಿಸಿದರೆ ಐದನೇ ಸ್ವರ, ಸಾಕು. ರೂಟಿನ ಪಕ್ಕದ ಸಣ್ಣ ತಂತಿ, 2 ಫ್ರೆಟ್ ಮುಂದೆ. ಮೇಜರ್, ಮೈನರ್ ಎರಡೂ ಬಗೆಯ ಕಾರ್ಡಿಗೂ ಅದೇ ಜಾಗ. ಥರ್ಡ್ (ಮೂರನೇ ಸ್ವರ) ಹಾಗಲ್ಲ, ಎ ಮೈನರಿನಲ್ಲಿ ಸಿ ಬದಲು ಸಿ ಶಾರ್ಪ್ ಒತ್ತಿ ನೋಡಿ, ಹಾಡು ಮುಖ ಸಿಂಡರಿಸುತ್ತದೆ. ಎಲ್ಲಾ ಬೀಟನ್ನೂ ತುಂಬಿಸಬೇಕಾಗಿಲ್ಲ. ಸುಮ್ನೆ ಬಿಟ್ಟ ಬೀಟ್ ಕೂಡ ಕೇಳಿಸುತ್ತದೆ.

ಇಷ್ಟು ಕೈಗೆ ಹತ್ತಿದ ಮೇಲೆ ರೂಟನ್ನೇ ಬಿಟ್ಟು ನೋಡಿ. ಗಿಟಾರ್ ಸಿ ಕಾರ್ಡ್ ಹಿಡಿದಿರುವಾಗ ನೀವು ಕೆಳಗೆ ಇ ಬಾರಿಸಿದರೆ ಕಾರ್ಡ್ ಅದೇ ಇರುತ್ತದೆ, ಆದರೆ ಕಾಲು ಪೂರ್ತಿ ಊರಿಲ್ಲ ಅನಿಸುತ್ತದೆ, ಎಫ್‌ಗೆ ಹೋಗಲು ತುದಿಗಾಲಲ್ಲಿ ನಿಂತ ಹಾಗೆ. ಅದೇ ಕಾರ್ಡಿನ ಕೆಳಗೆ ಎ ಬಾರಿಸಿ. ಎ, ಸಿ, ಇ, ಜಿ ಸೇರಿ ಎ ಮೈನರ್ ಸೆವೆಂತ್ ಆಗಿಬಿಡುತ್ತದೆ, ಗಿಟಾರ್‌ನವರು ಬೆರಳೂ ಅಲ್ಲಾಡಿಸಿರುವುದಿಲ್ಲ! ಬೇಸ್ ಹಿಡಿದವರಿಗೆ ಇಷ್ಟು ಅಧಿಕಾರ ಇದೆ ಅಂತ ಗೊತ್ತಾದ ವಾರ ನಾನು ಸಿಕ್ಕಲ್ಲೆಲ್ಲ ಇದನ್ನೇ ಮಾಡಿ ಬ್ಯಾಂಡಿನವರಿಂದ ಚೆನ್ನಾಗಿ ಬೈಸಿಕೊಂಡೆ. ನೀವು ಮೊದಲೇ ಹೇಳಿ ಮಾಡಿ.