ಹಳೇ ಡೊಮೇನ್‌ನಿಂದ ಹೊಸದಕ್ಕೆ ಹೋಗುವಾಗ 301 ಹಾಕಬೇಕಾ, 302 ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಡೊಂಬಿವಲಿಯಲ್ಲಿ ಕೇಟರಿಂಗ್ ನಡೆಸುತ್ತೀರಿ, ಹೊಸ ಹೆಸರಲ್ಲಿ ಡೊಮೇನ್ (ವೆಬ್ ವಿಳಾಸ) ತೆಗೆದುಕೊಂಡಿದ್ದೀರಿ. ಹಳೇ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸೋದೇ ರೀಡೈರೆಕ್ಟ್. ಅದು ಶಾಶ್ವತ ಅಂತ ಹೇಳೋ ಕೋಡ್ 301, ತಾತ್ಕಾಲಿಕ ಅಂತ ಹೇಳೋದು 302. 301 ಹಾಕಿದರೆ ರ‍್ಯಾಂಕ್ ಬಿದ್ದುಹೋಗುತ್ತೆ, ಸದ್ಯಕ್ಕೆ 302 ಇರಲಿ ಅಂತ ಡೆವಲಪರ್ ಹೇಳಿದ್ದಾರೆ. ಯಾವುದು ಸರಿ?

301 ಹಾಕಿ. ಮುಂಬೈಯಲ್ಲಿ ನಮ್ಮವರ ಹೋಟೆಲ್, ಕೇಟರಿಂಗ್ ಸೈಟ್‌ಗಳನ್ನು ನೋಡಿಕೊಳ್ಳೋದೇ ನನ್ನ ಕೆಲಸ. ಈ ಹೆದರಿಕೆ ಸುಮಾರು ಜನರಲ್ಲಿದೆ. ರೀಡೈರೆಕ್ಟ್ ಮಾಡಿದರೆ ಪೇಜ್‌ರ‍್ಯಾಂಕ್ (ಬೇರೆ ಪೇಜ್‌ಗಳ ಲಿಂಕ್ ನೋಡಿ ಗೂಗಲ್ ಒಂದು ಪೇಜಿಗೆ ಕೊಡೋ ತೂಕ) ಸೋರಿಹೋಗುತ್ತೆ ಅನ್ನೋದು ಹಳೇ ಮಾತು. 301 ಆಗಲಿ 302 ಆಗಲಿ, ಹಾಗೇನೂ ಆಗುವುದಿಲ್ಲ ಅಂತ ಗೂಗಲ್‌ನವರೇ 2016ರಲ್ಲಿ ಹೇಳಿದ್ದಾರೆ. ಡೊಮೇನ್ ಬದಲಾದಾಗ ಸ್ವಲ್ಪ ದಿನ ಏರಿಳಿತ ಇರುತ್ತೆ, ಅದು ಬೇರೆ ವಿಷಯ.

ವ್ಯತ್ಯಾಸ ಇರೋದು ಹುಡುಕಾಟದಲ್ಲಿ ಯಾವ ವಿಳಾಸ ಕಾಣಿಸಬೇಕು ಅನ್ನೋದರಲ್ಲಿ. 301 ಅಥವಾ ಅದರಂತೆಯೇ ಶಾಶ್ವತವಾದ 308 ಕಂಡರೆ, ಇನ್ನು ಹೊಸದೇ ಮುಖ್ಯ ಅಂತ ಗೂಗಲ್‌ಗೆ ಬಲವಾದ ಸೂಚನೆ ಸಿಗುತ್ತೆ. 302 ಮತ್ತು ಅದರಂತೆಯೇ ತಾತ್ಕಾಲಿಕವಾದ 307ರಲ್ಲಿ ಆ ಸೂಚನೆ ದುರ್ಬಲ. ಹಾಗಾಗಿ ಹಳೇ ವಿಳಾಸವೇ ಫಲಿತಾಂಶದಲ್ಲಿ ಉಳಿದುಕೊಳ್ಳಬಹುದು. ನಿಮಗೆ ಬೇಕಿರೋದು ಹೊಸ ಹೆಸರು ಕಾಣಿಸೋದು, ಅಲ್ವಾ?

ಹಾಗಂತ 302 ಕೆಟ್ಟದ್ದಲ್ಲ. ಚೌತಿ ಬಂತು ಅಂದುಕೊಳ್ಳಿ. ಮೋದಕದ ಆರ್ಡರ್ ಜಾಸ್ತಿ, ಹಬ್ಬ ಮುಗಿಯೋವರೆಗೆ ಮೆನು ಪೇಜಿಗೆ ಬಂದವರನ್ನು ಮೋದಕದ ಪೇಜಿಗೆ ಕಳಿಸಬೇಕು. ಅಲ್ಲಿ 302 ಸರಿ, ಯಾಕಂದ್ರೆ ಮೆನು ಪೇಜ್ ವಾಪಸ್ ಬರುತ್ತೆ. ಅಲ್ಲಿ 301 ಹಾಕಿದರೆ ಗಿರಾಕಿಗಳ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತೆ. ವಿಸರ್ಜನೆ ಆಗಿ ನೀವು ರೀಡೈರೆಕ್ಟ್ ತೆಗೆದ ಮೇಲೂ ಕೆಲವರ ಫೋನ್ ನಿಮ್ಮ ಸರ್ವರ್‌ನ ಕೇಳದೇ ನೇರ ಮೋದಕಕ್ಕೇ ಹೋಗುತ್ತೆ. ಆ ನೆನಪನ್ನು ಇಲ್ಲಿಂದ ಕೂತು ಅಳಿಸೋಕೆ ಆಗಲ್ಲ. ಅದಕ್ಕೇ ಹೊಸ ಡೊಮೇನ್‌ಗೂ ಮೊದಲು 302 ಹಾಕಿ, ಲಿಂಕ್‌ಗಳೆಲ್ಲ ಸರಿಯಾದ ಕಡೆ ಹೋಗ್ತಿವೆಯಾ ನೋಡಿ, ಆಮೇಲೆ 301 ಮಾಡೋದು ಒಳ್ಳೇದು. ಒಂದೆರಡು ದಿನ ಸಾಕು, ತಿಂಗಳುಗಟ್ಟಲೆ ಬಿಡಬೇಡಿ.

301 ಹಾಕಿದ್ದೀನಿ ಅಂತ ಡೆವಲಪರ್ ಹೇಳಿದರೂ ನೀವೇ ಒಮ್ಮೆ ನೋಡಿ. ಅಪಾಚೆ ಅನ್ನೋ ಸರ್ವರ್ ಸಾಫ್ಟ್‌ವೇರ್‌ನಲ್ಲಿ ನಂಬರ್ ಬರೆಯದೇ ರೀಡೈರೆಕ್ಟ್ ಕೊಟ್ಟರೆ ತಾನಾಗಿ 302 ಆಗುತ್ತೆ. ಪಿಎಚ್‌ಪಿಯಲ್ಲಿ (ಸೈಟ್ ಬರೆಯೋಕೆ ಬಳಸೋ ಒಂದು ಭಾಷೆ) ಬರೀ ಲೊಕೇಶನ್ ಹೆಡರ್, ಅಂದರೆ ಹೊಸ ವಿಳಾಸ ಹೇಳೋ ಸಾಲು, ಕಳಿಸಿದರೂ ಅಷ್ಟೇ. ಯಾರೂ ಬೇಕು ಅಂತ ಮಾಡಿರಲ್ಲ, ಗಮನಕ್ಕೇ ಬಂದಿರಲ್ಲ. ಕ್ರೋಮ್‌ನ ಇನ್‌ಕಾಗ್ನಿಟೋದಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, ಪ್ರಿಸರ್ವ್ ಲಾಗ್‌ಗೆ ಟಿಕ್ ಹಾಕಿ, ಹಳೇ ವಿಳಾಸ ಟೈಪ್ ಮಾಡಿ. ಮೊದಲ ಸಾಲಿನ ಸ್ಟೇಟಸ್ ಕಾಲಮ್‌ನಲ್ಲಿ 301 ಇರಬೇಕು, ಅದರ ಕೆಳಗೇ ಹೊಸ ವಿಳಾಸಕ್ಕೆ 200, ಅಂದರೆ ಪೇಜ್ ಸರಿಯಾಗಿ ಸಿಕ್ಕಿದೆ ಅಂತ. ನಡುವೆ ಇನ್ನೂ ಎರಡು ಮೂರು 301 ಕಂಡರೆ ಸುತ್ತಿ ಬಳಸಿ ಹೋಗ್ತಿದೆ ಅಂತ ಅರ್ಥ. ನೇರ ಮಾಡಿಸಿ.

ಹಳೇ ಪೇಜ್‌ಗಳನ್ನೆಲ್ಲ ಹೊಸ ಹೋಮ್‌ಪೇಜಿಗೆ ತಂದು ಸುರಿಯಬೇಡಿ. ಗೂಗಲ್ ಅದನ್ನು ಪೇಜೇ ಇಲ್ಲದ ಹಾಗೆ ಲೆಕ್ಕ ಹಾಕಬಹುದು. ಮದುವೆ ಊಟದ ಪೇಜ್ ಮದುವೆ ಊಟದ ಪೇಜಿಗೇ ಹೋಗಬೇಕು. ಹೊಸ ಸೈಟಲ್ಲಿ ಅದಕ್ಕೆ ಜೋಡಿ ಇಲ್ಲದಿದ್ದರೆ 404 (ಪೇಜ್ ಇಲ್ಲ) ಬರಲಿ, ಪರವಾಗಿಲ್ಲ.

ಹಳೇ ಡೊಮೇನ್ ರಿನ್ಯೂ ಮಾಡುತ್ತಾ ಇರಿ. ರೀಡೈರೆಕ್ಟನ್ನು ಕಡಿಮೆ ಅಂದರೂ 1 ವರ್ಷ ಇಡಿ ಅನ್ನುತ್ತದೆ ಗೂಗಲ್. ನಾನಾದರೆ ಬಿಡೋದೇ ಇಲ್ಲ. ಸೊಸೈಟಿ ನೋಟಿಸ್ ಬೋರ್ಡಿಗೆ ಅಂಟಿಸಿದ ಪಾಂಪ್ಲೆಟ್, ವಾಟ್ಸಾಪ್‌ನಲ್ಲಿ ಓಡಾಡೋ ಹಳೇ ಮೆನು ಲಿಂಕ್, ಇವೆಲ್ಲ ವರ್ಷಗಟ್ಟಲೆ ಜೀವಂತ ಇರುತ್ತವೆ.

301 ಆದ ಮೇಲೆ, ಸೈಟ್ ಮಾಲೀಕರಿಗೆ ಗೂಗಲ್ ಕೊಡೋ ಸರ್ಚ್ ಕನ್ಸೋಲ್‌ನಲ್ಲಿ ಚೇಂಜ್ ಆಫ್ ಅಡ್ರೆಸ್ ಕೊಡಿ. ಹಳೇದು, ಹೊಸದು ಎರಡೂ ಡೊಮೇನ್ ಒಂದೇ ಅಕೌಂಟ್‌ನಲ್ಲಿ ಇರಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿರೋ ನಿಮ್ಮ ಬಿಸಿನೆಸ್ ಪ್ರೊಫೈಲ್‌ನ ವೆಬ್‌ಸೈಟ್ ಲಿಂಕನ್ನೂ ಅವತ್ತೇ ಬದಲಾಯಿಸಿ, ಕೇಟರಿಂಗ್ ಹುಡುಕುವವರು ಜಾಸ್ತಿ ಅಲ್ಲಿಂದಲೇ ಬರ್ತಾರೆ.