ಕಾರಿನ ಸದ್ದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಮುಂದಿನ ಚಕ್ರದಲ್ಲಿ ಕೀಚಲು ಸದ್ದು. ಬ್ರೇಕೇನೋ ಸರಿಯಾಗಿಯೇ ಹಿಡಿಯುತ್ತಿದೆ. ಹೀಗೇ ಓಡಿಸಬಹುದೇ?
– ಓದುಗರು, ಮೂಡಿಗೆರೆ

ಉತ್ತರ: ಹಿಡಿಯುತ್ತಿರುವಾಗಲೇ ತೋರಿಸಿಬಿಡಿ. ಮಳೆಯಲ್ಲಿ ರಾತ್ರಿಯೆಲ್ಲ ನಿಂತ ಕಾರಿನ ಡಿಸ್ಕಿಗೆ (ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ) ತೆಳು ತುಕ್ಕು ಕೂತು ಬೆಳಿಗ್ಗೆ ಕರಕರ ಎನ್ನುವುದುಂಟು. ನಾಲ್ಕೈದು ಸಲ ಬ್ರೇಕ್ ಹಾಕಿದರೆ ಅದು ಹೋಗುತ್ತದೆ. ಹೋಗದಿದ್ದರೆ ಮೊದಲ ಅನುಮಾನ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಮೇಲೆ. ಹೊಸ ಪ್ಯಾಡಿನ ಲೈನಿಂಗ್ (ಡಿಸ್ಕಿಗೆ ಉಜ್ಜಿ ಸವೆಯುವ ಪದರ) ಸುಮಾರು 10 ಮಿ.ಮೀ. ದಪ್ಪ, 3 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಹಲವು ಪ್ಯಾಡುಗಳಲ್ಲಿ ಪುಟ್ಟ ತಗಡೊಂದು ಇರುತ್ತದೆ. ಲೈನಿಂಗ್ ಸವೆದಾಗ ಡಿಸ್ಕಿಗೆ ತಾಗಿ ಕಿರುಚಲೆಂದೇ ಅದನ್ನು ಇಟ್ಟಿರುತ್ತಾರೆ.

ಕೀಚಲು ನಿಂತು ಗರಗರ ಶುರುವಾಯಿತೆಂದರೆ ರಿಪೇರಿಯಾಗಿದೆ ಎಂದುಕೊಳ್ಳಬೇಡಿ. ಲೈನಿಂಗ್ ಮುಗಿದು ಕಬ್ಬಿಣ ಕಬ್ಬಿಣಕ್ಕೇ ಉಜ್ಜುತ್ತಿದೆ, ಡಿಸ್ಕಿನಲ್ಲಿ ಗೀರು ಬೀಳುತ್ತಿದೆ. ಆ ಸ್ಥಿತಿಯಲ್ಲಿ ಘಾಟಿ ಇಳಿಯುವುದು ಬೇಡವೇ ಬೇಡ. ಪ್ಯಾಡುಗಳನ್ನು ಎಡ, ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿಸಿ; ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು. ಇಳಿಜಾರಿನಲ್ಲಿ ಎರಡನೇ ಅಥವಾ ಮೂರನೇ ಗೇರ್ ಬಿಟ್ಟು ಮೇಲೆ ಹೋಗದಿದ್ದರೆ ಪ್ಯಾಡ್ ಹೆಚ್ಚು ದಿನ ಬಾಳುತ್ತದೆ.

ಬ್ರೇಕ್ ಒತ್ತದೆಯೂ ಕರ್ಕಶ ಸದ್ದು ಬಂದರೆ, ತೋಟದ ರಸ್ತೆಯ ಜಲ್ಲಿ ಚೂರೊಂದು ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡಿರಬಹುದು. ಹೊಸ ಪ್ಯಾಡಿಗೆ ದುಡ್ಡು ಕೊಡುವ ಮೊದಲು ಅದನ್ನೊಮ್ಮೆ ನೋಡಿಸಿ.

ಪ್ರಶ್ನೆ: ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಹೊರಳಿಸುವಾಗ ಟಕಟಕ ಎನ್ನುತ್ತದೆ. ನೇರ ಹೋದರೆ ಇಲ್ಲ.
– ಓದುಗರು, ಸಕಲೇಶಪುರ

ಉತ್ತರ: ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಇದು ಬಹುತೇಕ ಆಕ್ಸಲ್ಲಿನ (ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ದಂಡ) ಹೊರಗಿನ ಜಾಯಿಂಟ್. ಚಕ್ರದ ಒಳಬದಿಗೆ ಟಾರ್ಚ್ ಹಿಡಿದು ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟ್ ನೋಡಿ. ಹರಿದಿದ್ದರೆ ಸುತ್ತ ಗ್ರೀಸ್ ಎರಚಿರುತ್ತದೆ. ಹರಿದ ಕಡೆಯಿಂದ ಕೆಸರು ಒಳಗೆ ಸೇರಿ ಜಾಯಿಂಟಿನ ಗುಂಡುಗಳನ್ನು ತಿನ್ನುತ್ತದೆ. ಸದ್ದು ಬರುವ ಮೊದಲೇ ಕಂಡಿದ್ದರೆ ತೊಳೆದು, ಹೊಸ ಗ್ರೀಸ್, ಬೂಟ್, ಕ್ಲಿಪ್ ಹಾಕಿದರೆ ಸಾಕಿತ್ತು. ಟಕಟಕ ಶುರುವಾದ ಮೇಲೆ ಗ್ರೀಸ್ ತುಂಬಿ ಕಳಿಸುವವರ ಮಾತು ಕೇಳಬೇಡಿ, ಜಾಯಿಂಟನ್ನೇ ಬದಲಿಸಿ. ಅದು ಮುರಿದರೆ ಎಂಜಿನ್ ಓಡುತ್ತಿದ್ದರೂ ಗಾಡಿ ಕದಲುವುದಿಲ್ಲ.

ಪ್ರಶ್ನೆ: ವೇಗ ಹೆಚ್ಚಿದಂತೆ ಗುಂಯ್ ಸದ್ದೂ ಏರುತ್ತದೆ. ಟೈರೋ, ಬೇರಿಂಗೋ?
– ಓದುಗರು, ಚಿಕ್ಕಮಗಳೂರು

ಉತ್ತರ: ಖಾಲಿ ರಸ್ತೆಯಲ್ಲಿ 40–50 ಕಿ.ಮೀ. ವೇಗದಲ್ಲಿ ಸ್ಟೇರಿಂಗನ್ನು ನಿಧಾನವಾಗಿ ಎಡಕ್ಕೆ ವಾಲಿಸಿ. ಭಾರ ಬಲಕ್ಕೆ ಬಿದ್ದು ಸದ್ದು ಹೆಚ್ಚಾದರೆ ಬಲಗಡೆಯ ಚಕ್ರ ಸಲೀಸಾಗಿ ತಿರುಗಲೆಂದು ಇರುವ ಬೇರಿಂಗ್. ಬಲಕ್ಕೆ ವಾಲಿಸಿದಾಗ ಹೆಚ್ಚಾದರೆ ಎಡಗಡೆಯದು. ಎರಡಕ್ಕೂ ಬದಲಾಗದಿದ್ದರೆ ಟೈರ್ ಏರುಪೇರಾಗಿ ಸವೆದಿದೆಯೇ ಎಂದು ಅಂಗೈ ಸವರಿ ನೋಡಿ.