ಎರಡು ನದಿ ಇದ್ದೂ ಗುಳೆ ಯಾಕೆ?

ಪ್ರಿಯ ಓದುಗರೇ,

‘ಕೃಷ್ಣಾ, ಭೀಮಾ ಎರಡೂ ಹರಿಯುವ ಯಾದಗಿರಿಯಿಂದ ಜನ ಬೆಂಗಳೂರಿಗೆ ಗುಳೆ ಬರೋದು ಯಾಕೆ? 2009ರಲ್ಲಿ ಹುಟ್ಟಿದ ಜಿಲ್ಲೆಗೆ ಇತಿಹಾಸ ಅಂತ ಏನಿದೆ? ನೋಡೋಕೆ ಬಂದರೆ ಎಲ್ಲಿಂದ ಶುರು ಮಾಡಲಿ?’ ಅಂತ ಕೇಳಿದ್ದೀರಿ. ಮೊದಲು ಗುಳೆಯ ಮಾತು.

ಊರ ಹತ್ತಿರ ಹೊಳೆ ಇದ್ದ ಮಾತ್ರಕ್ಕೆ ಹೊಲಕ್ಕೆ ನೀರು ಬರೋದಿಲ್ಲ. ಹೊಳೆ ತಗ್ಗಿನಲ್ಲಿದೆ, ಹೊಲ ದಿಬ್ಬದ ಮೇಲಿದೆ. 1982ರಲ್ಲಿ ಕೃಷ್ಣೆಗೆ ಅಡ್ಡಲಾಗಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ಹುಣಸಗಿ, ಸುರಪುರ, ಶಹಾಪುರದ ಕಡೆ ಹರಿದ ಮೇಲೆ ಆ ಭಾಗದ ಬದುಕೇ ಬದಲಾಯಿತು. ಆದರೆ ಕಾಲುವೆ ನೀರು ಇಳಿಜಾರಿಗೆ ಮಾತ್ರ ಹೋಗುತ್ತದೆ ಅಲ್ವಾ? ಶಹಾಪುರದ ಕಡೆ ಕಾಲುವೆ ಏರಿ ಮೇಲೆ ನಿಂತು ನೋಡಿ: ಕೆಳಗೆ ಭತ್ತ, ಮೇಲೆ ಮಳೆ ನಂಬಿದ ತೊಗರಿ, ನಡುವೆ ಕಾಲುವೆಯ ಅಗಲ ಅಷ್ಟೇ. ಗುರುಮಠಕಲ್ ಕಡೆಗಂತೂ ಆ ಕಾಲುವೆಯೇ ಇಲ್ಲ. ಮಳೆ ಕೈಕೊಟ್ಟರೆ ಮುದುಕರನ್ನು ಊರಲ್ಲಿ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ.

ನೀರು ಸಿಕ್ಕವರಿಗೂ ನೆಮ್ಮದಿ ಇಲ್ಲ. ಈ ನೀರಾವರಿ ಯೋಜನೆ ರೂಪಿಸಿದ್ದು ಕಡಿಮೆ ನೀರಿನ ಬೆಳೆಗೆ. ಆದರೆ ಕಾಲುವೆ ಶುರುವಾಗುವ ಕಡೆಯ ಊರುಗಳಲ್ಲಿ ಭತ್ತ ಹಚ್ಚಿದರು. ಎರೆಮಣ್ಣು ನೀರು ಹಿಡಿದು ಎಷ್ಟೋ ಹೊಲ ಉಪ್ಪುಗಟ್ಟಿ ಸವಳಾದವು, ಕೊನೆಯ ಊರುಗಳಿಗೆ ನೀರು ಸರಿಯಾಗಿ ಮುಟ್ಟಲಿಲ್ಲ. ಇದಕ್ಕೆ ರೈತರನ್ನಷ್ಟೇ ಬೈಯೋದು ನನಗೆ ಸರಿ ಕಾಣೋದಿಲ್ಲ. ಭತ್ತ ಮಾರಿದರೆ ಕೈಗೆ ದುಡ್ಡು ಬರುತ್ತದೆ, ಜೋಳಕ್ಕೆ ಆ ಭರವಸೆ ಯಾರು ಕೊಟ್ಟಿದ್ದಾರೆ?

ಇನ್ನು ಇತಿಹಾಸ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿದೆ. ಅದು ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಕಾಲ ಗುರುತಿಸಿದ್ದಾರೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆ ಹಾಕಿ ಸುಟ್ಟ ಬೂದಿದಿಬ್ಬವಿದೆ, ಅಲ್ಲೇ ದನದ ದೊಡ್ಡಿಯ ಗುರುತೂ ಸಿಕ್ಕಿದೆ. ದನ ಕಟ್ಟಿ ಬದುಕುವ ನಮ್ಮವರ ಕಸುಬು ಅಷ್ಟು ಹಿಂದಿನದು. ಆಮೇಲೆ ಸುರಪುರ ಸಂಸ್ಥಾನ ಆಳಿದ ನಾಯಕ ಅರಸರು. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ, ಸಂಸ್ಥಾನವೇ ಹೋಯಿತು. 1860ರಲ್ಲಿ ಬ್ರಿಟಿಷರು ಅದನ್ನು ಹೈದರಾಬಾದ್ ನಿಜಾಮನಿಗೆ ಕೊಟ್ಟರು. ಹಾಗಾಗಿ ದೇಶಕ್ಕೆ 1947ರಲ್ಲಿ ಬಂದ ಬಿಡುಗಡೆ ನಮಗೆ ನಿಜಾಮನ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17ರವರೆಗೆ ಬರಲಿಲ್ಲ.

ಬರೋದಾದರೆ ಸುರಪುರದಿಂದ ಶುರು ಮಾಡಿ. ಗುಡ್ಡದ ಮೇಲೆ, ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಬಂಗಲೆ ನೋಡಿ, ಆಮೇಲೆ ಬೋನಾಳ ಕೆರೆಗೆ ಹೋಗಿ. ಚಳಿಗಾಲದಲ್ಲಿ ಬಂದರೆ ಹಕ್ಕಿಗಳು ಜಾಸ್ತಿ. ಆಗ ತೊಗರಿಯೂ ಹೊಲದಲ್ಲಿ ನಿಂತಿರುತ್ತದೆ.

— ಸಂಪಾದಕ